ನಿಮ್ಮ ಅರ್ಜಿ ವಿಲೇವಾರಿಯಾಗಿದೆ

ಹೋದ ಆಷಾಢದ ಒಂದು ಮಧ್ಯಾಹ್ನ, ಕಚೇರಿಯಲ್ಲಿ ಊಟಕ್ಕೆ ಏಳುವ ಹೊತ್ತಿಗೆ ಸರಿಯಾಗಿ ನನ್ನ ಫೋನಿಗೆ ಒಂದು ಸಂದೇಶ ಬಂದಿತು. ಉದ್ದನೆಯ ಒಂದು ಅರ್ಜಿ ಸಂಖ್ಯೆ, ಅದರ ಮುಂದೆ ‘ವಿಲೇವಾರಿಯಾಗಿದೆ’ ಎಂಬ ಒಂದೇ ಕ್ರಿಯಾಪದ. ಅರ್ಜಿ ನನ್ನದಲ್ಲ, ಅಮ್ಮನದು. ಊರಿನಲ್ಲಿ ಒಬ್ಬಳೇ ಇರುವ ಅಮ್ಮನ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಕರೆ ಬಂದರೆ ಹಸಿರು ಗುಂಡಿ, ಮಾತು ಮುಗಿದರೆ ಕೆಂಪು ಗುಂಡಿ. ಅದರಾಚೆಗಿನ ವ್ಯವಹಾರ ಅವಳಿಗೆ ಬೇಡ. ಆದ್ದರಿಂದ ಅವಳ ಹೆಸರಿನಲ್ಲಿ ಎಲ್ಲಿ ಯಾವ ಫಾರಂ ತುಂಬಿದರೂ ಮೊಬೈಲ್ ಸಂಖ್ಯೆಯ ಜಾಗದಲ್ಲಿ ನನ್ನ ಸಂಖ್ಯೆಯೇ ಇರುತ್ತದೆ. ಸರ್ಕಾರ, ಬ್ಯಾಂಕು, ಗ್ಯಾಸ್ ಏಜೆನ್ಸಿ, ಕರೆಂಟಿನವರು, ಎಲ್ಲರೂ ಅಮ್ಮನೊಡನೆ ಮಾತನಾಡುವುದು ನೂರೈವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿರುವ ನನ್ನ ಜೇಬಿನ ಮೂಲಕ.

ನಾನು ಕೂಡಲೇ ಫೋನ್ ಮಾಡಿ, ‘ಅಮ್ಮ, ನಿನ್ನ ಹೆಸರು ತಿದ್ದುಪಡಿ ಆಯ್ತಂತೆ’ ಎಂದೆ. ಅವಳು ಪಕ್ಕದ ಮನೆಯವರಿಗೂ ಹೇಳಿ, ಶನಿವಾರ ದೇವಸ್ಥಾನಕ್ಕೆ ಒಂದು ಕಾಯಿ ಕೊಟ್ಟು ಬಂದಳು. ಮೂರು ವಾರಗಳ ನಂತರ, ಆ ಹೆಸರಿನ ಆಧಾರದ ಮೇಲೆ ಬರಬೇಕಿದ್ದ ಸಹಾಯಧನ ಏಕೆ ಬರಲಿಲ್ಲವೆಂದು ಜಾಲತಾಣದೊಳಗೆ ಹೋಗಿ ನೋಡಿದಾಗಲೇ ನನಗೆ ವಿಷಯ ತಿಳಿದದ್ದು. ಅರ್ಜಿ ತಿರಸ್ಕೃತವಾಗಿತ್ತು. ಕಾರಣದ ಜಾಗದಲ್ಲಿ, ಎರಡು ದಾಖಲೆಗಳಲ್ಲಿ ಹೆಸರು ಹೊಂದಾಣಿಕೆಯಾಗುತ್ತಿಲ್ಲ ಎಂದು ಬರೆದಿತ್ತು. ಹೆಸರು ಹೊಂದಾಣಿಕೆಯಾಗುತ್ತಿಲ್ಲ, ಸರಿಪಡಿಸಿಕೊಡಿ ಎಂಬುದೇ ನಮ್ಮ ಅರ್ಜಿಯಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಯಾವ ಕಚೇರಿ, ಯಾವ ಯೋಜನೆ ಎಂಬುದನ್ನು ಹೇಳಲು ನನಗೆ ಮನಸ್ಸಿಲ್ಲ. ಇದನ್ನು ಓದುವ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಕಚೇರಿ ನೆನಪಾಗಿರುತ್ತದೆ.

ಆದರೆ ಅಂದಿನಿಂದ ನನ್ನನ್ನು ಕಾಡುತ್ತಿರುವುದು ತಿರಸ್ಕಾರವಲ್ಲ, ಆ ಸಂದೇಶ. ಅದರಲ್ಲಿ ಸುಳ್ಳಿರಲಿಲ್ಲ. ಅರ್ಜಿ ನಿಜವಾಗಿಯೂ ವಿಲೇವಾರಿಯಾಗಿತ್ತು. ಅಮ್ಮನಿಗೆ ಸುಳ್ಳು ಹೇಳಿದವನು ನಾನು.

ಒಂದು ಪದದ ಸುತ್ತ

ಕನ್ನಡದಲ್ಲಿ ವಿಲೇವಾರಿ ಎಂಬ ಪದವನ್ನು ನಾವು ಮುಖ್ಯವಾಗಿ ಎರಡು ಕಡೆ ಕೇಳುತ್ತೇವೆ: ಕಡತ ವಿಲೇವಾರಿ ಮತ್ತು ಕಸ ವಿಲೇವಾರಿ. ಎರಡರಲ್ಲೂ ಅರ್ಥ ಒಂದೇ. ವಸ್ತು ಇಲ್ಲಿತ್ತು, ಈಗ ಇಲ್ಲಿಲ್ಲ. ಕಸಕ್ಕೆ ಮುಂದೆ ಏನಾಯಿತು ಎಂಬುದು ಆ ಪದದ ಹೊಣೆಯಲ್ಲ, ಕಡತದಲ್ಲಿದ್ದ ಮನುಷ್ಯನಿಗೆ ಏನಾಯಿತು ಎಂಬುದೂ ಅಲ್ಲ. ಕಚೇರಿಯ ಕಡೆಯಿಂದ ನೋಡಿದರೆ ಇದು ಅತ್ಯಂತ ಪ್ರಾಮಾಣಿಕವಾದ ಪದ. ಮೇಜು ಖಾಲಿಯಾಯಿತು ಎಂದು ಅದು ಹೇಳುತ್ತದೆ, ಅಷ್ಟೇ. ತೊಂದರೆ ಶುರುವಾಗುವುದು, ಮೇಜಿನ ಆ ಬದಿಯವರು ತಮ್ಮತಮ್ಮಲ್ಲಿ ಲೆಕ್ಕಕ್ಕಾಗಿ ಇಟ್ಟುಕೊಂಡಿದ್ದ ಪದವನ್ನು ಯಂತ್ರ ಹಾಗೆಯೇ ಎತ್ತಿ ಈ ಬದಿಯವರಿಗೆ ಕಳುಹಿಸಿದಾಗ.

ಹಿಂದೆ ಈ ಎರಡು ಭಾಷೆಗಳ ನಡುವೆ ಒಬ್ಬ ಮನುಷ್ಯನಿರುತ್ತಿದ್ದ. ಗುಮಾಸ್ತ ತನ್ನ ರಿಜಿಸ್ಟರಿನಲ್ಲಿ ‘ವಿಲೆ’ ಎಂದು ಬರೆದುಕೊಂಡು, ಕಿಟಕಿಯ ಈಚೆ ನಿಂತವರಿಗೆ ‘ಆಗಲಿಲ್ಲ ಕಣಮ್ಮ, ಇನ್ನೊಂದು ಸಲ ಹಾಕ್ಬೇಕು’ ಎನ್ನುತ್ತಿದ್ದ. ಆ ಎರಡನೆಯ ವಾಕ್ಯವನ್ನು ಹೇಳುವುದು ಯಾವ ಕಾನೂನಿನ ಪ್ರಕಾರವೂ ಅವನ ಕರ್ತವ್ಯವಾಗಿರಲಿಲ್ಲ. ಕೆಲವರು ಹೇಳುತ್ತಿದ್ದರು, ಕೆಲವರು ನಾಳೆ ಬನ್ನಿ ಎನ್ನುತ್ತಿದ್ದರು, ಕೆಲವರು ಹೇಳುವುದಕ್ಕೂ ದುಡ್ಡು ಕೇಳುತ್ತಿದ್ದರು. ಆಡಳಿತವನ್ನು ಗಣಕೀಕರಣಗೊಳಿಸುವಾಗ ಆ ಮನುಷ್ಯನನ್ನು ನಡುವಿನಿಂದ ತೆಗೆದದ್ದು ಬಹುಪಾಲು ಅವನು ದುಡ್ಡು ಕೇಳುತ್ತಿದ್ದ ಎಂಬ ಕಾರಣಕ್ಕೆ. ಕಾರಣ ನ್ಯಾಯವಾದದ್ದೇ. ಆದರೆ ಅವನೊಡನೆ ಆ ಎರಡನೆಯ ವಾಕ್ಯವೂ ಹೋಯಿತು.

ಎಪ್ಪತ್ತು ಅಕ್ಷರಗಳ ಸರ್ಕಾರ

ಈ ವಿಷಯದಲ್ಲಿ ನಾನು ಹೊರಗಿನವನಲ್ಲ. ಹತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ನಾನು ಬದುಕುತ್ತಿರುವುದೇ ಇಂಥ ಸಂದೇಶಗಳನ್ನು ಕಳುಹಿಸುವ ತಂತ್ರಾಂಶ ಬರೆದು. ನಮ್ಮ ಗ್ರಾಹಕರು ಹೆಚ್ಚಾಗಿ ಖಾಸಗಿ ಕಂಪನಿಗಳು. ಆದರೆ ಸಂದೇಶ ಹೋಗುವ ಕೊಳವೆ ಸರ್ಕಾರಕ್ಕೂ ಕಂಪನಿಗೂ ಒಂದೇ. ಆ ಕೊಳವೆಯ ಅಳತೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ಸಂದೇಶಗಳು ಏಕೆ ಹೀಗಿರುತ್ತವೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುವುದು 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರ ಒಂದಕ್ಕೆ ಏಳು ಬಿಟ್ ಸಾಕಾಗುವುದರಿಂದ ಅದರಲ್ಲಿ 160 ಅಕ್ಷರ ಕೂರುತ್ತವೆ. ಈ 160ರ ಮಿತಿಯನ್ನು 1980ರ ದಶಕದಲ್ಲಿ ಗೊತ್ತುಮಾಡಿದವರಲ್ಲಿ ಮುಖ್ಯನಾದ ಜರ್ಮನ್ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್, ಟೈಪ್‌ರೈಟರಿನ ಮುಂದೆ ಕುಳಿತು ಮನಸ್ಸಿಗೆ ಬಂದ ವಾಕ್ಯಗಳನ್ನು ಹೊಡೆದು ಎಣಿಸಿದನೆಂಬ ಕಥೆಯಿದೆ. ಅವನು ಹೊಡೆದ ವಾಕ್ಯಗಳು ಕನ್ನಡದಲ್ಲಿರಲಿಲ್ಲವೆಂಬುದು ಸ್ಪಷ್ಟ. ಸಂದೇಶದಲ್ಲಿ ಕನ್ನಡದ ಒಂದೇ ಒಂದು ಅಕ್ಷರ ಸೇರಿದರೂ ಇಡೀ ಸಂದೇಶ ಹದಿನಾರು ಬಿಟ್‌ಗಳ ಲೆಕ್ಕಕ್ಕೆ ಬದಲಾಗುತ್ತದೆ. 160 ಇದ್ದದ್ದು 70 ಆಗುತ್ತದೆ. ಈ ಎಪ್ಪತ್ತೂ ನಾವು ಬಾಯಲ್ಲಿ ಹೇಳುವ ಅಕ್ಷರಗಳಲ್ಲ. ಗುಣಿತದ ಚಿಹ್ನೆ ಬೇರೆ, ವ್ಯಂಜನ ಬೇರೆ, ಒತ್ತು ಹಾಕುವ ಚಿಹ್ನೆ ಬೇರೆ ಎಂದು ಯಂತ್ರ ಎಣಿಸುತ್ತದೆ. ‘ವಿಲೇವಾರಿಯಾಗಿದೆ’ ಎಂದರೆ ನಮಗೆ ಏಳು ಅಕ್ಷರ, ಯಂತ್ರಕ್ಕೆ ಹದಿನಾಲ್ಕು. ಎಪ್ಪತ್ತರಲ್ಲಿ ಐದನೇ ಒಂದು ಭಾಗ ಅಲ್ಲಿಗೇ ಮುಗಿಯಿತು. ಎಪ್ಪತ್ತು ದಾಟಿದರೆ ಸಂದೇಶ ತುಂಡಾಗುತ್ತದೆ, ಜೋಡಣೆಯ ಮಾಹಿತಿಗೂ ಜಾಗ ಬೇಕಾದ್ದರಿಂದ ಪ್ರತಿ ತುಂಡಿಗೆ 67 ಮಾತ್ರ ಉಳಿಯುತ್ತವೆ, ಮತ್ತು ಹಣ ಕೊಡಬೇಕಾದದ್ದು ತುಂಡಿನ ಲೆಕ್ಕದಲ್ಲಿ. ಇಂಗ್ಲಿಷಿನಲ್ಲಿ ಒಂದು ಸಂದೇಶದಲ್ಲಿ ಮುಗಿಯುವ ಮಾತಿಗೆ ಕನ್ನಡದಲ್ಲಿ ಎರಡು ಮೂರು ಸಂದೇಶಗಳ ಖರ್ಚು. ಲಕ್ಷಗಟ್ಟಲೆ ಸಂದೇಶ ಕಳುಹಿಸುವ ಸಂಸ್ಥೆಯ ಲೆಕ್ಕಪತ್ರದವರ ಕಣ್ಣಿಗೆ ಕನ್ನಡವೆಂದರೆ ದುಬಾರಿ ಭಾಷೆ. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲೇ ಬರುವುದಕ್ಕೆ ಕನ್ನಡದ ಬಗ್ಗೆ ಉದಾಸೀನ ಒಂದು ಕಾರಣವಾದರೆ ಈ ಎಣಿಕೆ ಇನ್ನೊಂದು. ಇದರ ಬಗ್ಗೆ ಆವೇಶದಿಂದ ಮಾತನಾಡುವ ನೈತಿಕ ಹಕ್ಕು ನನಗಿಲ್ಲ. ಒಂದು ಸಲ ಕನ್ನಡದ ಸಂದೇಶಗಳನ್ನು ಕೈಬಿಡೋಣವೆಂದು ಲೆಕ್ಕ ಸಮೇತ ಟಿಪ್ಪಣಿ ಬರೆದುಕೊಟ್ಟವನು ನಾನೇ.

ಇನ್ನರ್ಧ ಉತ್ತರ ನಿಯಮದಲ್ಲಿದೆ. ಅನಪೇಕ್ಷಿತ ಸಂದೇಶಗಳ ಕಾಟ ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ತಂದ ನಿಯಮಗಳ ಪ್ರಕಾರ, ಸಂಸ್ಥೆಗಳು ತಮ್ಮ ಹೆಸರನ್ನೂ ತಾವು ಕಳುಹಿಸುವ ಸಂದೇಶಗಳ ಮಾದರಿಯನ್ನೂ ಮೊದಲೇ ನೋಂದಾಯಿಸಿಕೊಳ್ಳಬೇಕು. ವಾಕ್ಯ ಸ್ಥಿರ, ನಡುನಡುವೆ ಸಂಖ್ಯೆ, ದಿನಾಂಕ, ಹೆಸರು ಬಂದು ಕೂರಲು ಖಾಲಿ ಜಾಗಗಳು. ನಮ್ಮ ಹಳ್ಳಿಯ ಕಡೆ ಇಟ್ಟಿಗೆ ಕೊಯ್ಯುವವರ ಬಳಿ ಮರದ ಅಚ್ಚು ಇರುತ್ತದಲ್ಲ, ಹಾಗೆ. 2025ರಿಂದ ಕಳುಹಿಸುವವರ ಹೆಸರಿನ ಕೊನೆಗೆ ಒಂದು ಅಕ್ಷರವೂ ಸೇರಿದೆ: ಸರ್ಕಾರದ್ದಾದರೆ ಜಿ, ಪ್ರಚಾರವಾದರೆ ಪಿ, ಸೇವೆಗೆ ಎಸ್, ವಹಿವಾಟಿಗೆ ಟಿ. ನಿಯಮ ಒಳ್ಳೆಯದೇ, ಮೋಸದ ಸಂದೇಶಗಳನ್ನು ಗುರುತಿಸಲು ನನ್ನಂಥವರಿಗೆ ನೆರವಾಗಿದೆ. ಆದರೆ ಅಚ್ಚಿನಲ್ಲಿ ಇಲ್ಲದ ಮಾತನ್ನು ಯಾರೂ ಕಳುಹಿಸುವಂತಿಲ್ಲ. ಯಾರೋ ಒಬ್ಬ ಅಧಿಕಾರಿಗೆ ಕನಿಕರ ಹುಟ್ಟಿ, ‘ಅಮ್ಮ, ಅರ್ಜಿಯಲ್ಲಿ ಇಂಥ ಅಕ್ಷರ ತಪ್ಪಿದೆ’ ಎಂದು ತಿಳಿಸೋಣ ಎನ್ನಿಸಿದರೂ ಅವನ ಪರದೆಯಲ್ಲಿ ಅದಕ್ಕೆ ಗುಂಡಿಯಿಲ್ಲ. ಫೋನ್ ಸಂಖ್ಯೆಯ ಬದಲು ಅಕ್ಷರಗಳ ಹೆಸರಿನಿಂದ ಬಂದ ಆ ಸಂದೇಶಕ್ಕೆ ನಾವು ಮರುಉತ್ತರ ಕೊಡುವುದಂತೂ ಸಾಧ್ಯವೇ ಇಲ್ಲ.

ಚಾವಡಿಯ ಗೋಡೆ

ಇಷ್ಟು ಹೇಳಿದ ಮೇಲೆ, ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ಕಡೆಗೆ ನಾನು ಜಾರುತ್ತಿದ್ದೇನೆ ಎನ್ನಿಸಬಹುದು. ಹಾಗೇನಿಲ್ಲ ಎನ್ನಲು ನನಗೊಂದು ನೆನಪು ಸಾಕು.

ನಾನು ಆರನೇ ತರಗತಿಯಲ್ಲಿದ್ದಾಗ ಅಪ್ಪ ಒಂದು ಬೆಳಿಗ್ಗೆ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು, ಹಿಂದಿನ ಕ್ಯಾರಿಯರಿಗೆ ಆರು ಎಳನೀರು ಕಟ್ಟಿಕೊಂಡು, ಮೂರು ಮೈಲಿ ಆಚೆಯ ಊರಿನಲ್ಲಿದ್ದ ಶಾನುಭೋಗರ ಮನೆಗೆ ಹೋದರು. ಕಾಗದದ ಮೇಲೆ ಆ ಹುದ್ದೆ 1960ರ ದಶಕದಲ್ಲೇ ಹೋಗಿ ಗ್ರಾಮ ಲೆಕ್ಕಿಗರು ಬಂದಿದ್ದರು. ಊರಿನ ಬಾಯಲ್ಲಿ ಮಾತ್ರ ಅವರು ಶಾನುಭೋಗರೇ. ಸೊಸೈಟಿ ಸಾಲಕ್ಕೆ ಪಹಣಿ, ಅಂದರೆ ಜಮೀನು ಯಾರದೆಂಬ ದಾಖಲೆ, ಬೇಕಿತ್ತು. ಅವರು ಜಗುಲಿಯ ಮೇಲೆ ಕುಳಿತು, ಕೆಂಪು ಬಟ್ಟೆಯ ಗಂಟು ಬಿಚ್ಚಿ, ಅಂಚು ಸವೆದ ಉದ್ದನೆಯ ಪುಸ್ತಕ ತೆಗೆದರು. ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಹಾಳೆ ತಿರುವಿದರು. ಸರ್ವೆ ನಂಬರ್ ಕೇಳಲಿಲ್ಲ. ಅಪ್ಪನ ಮುಖ ನೋಡಿಯೇ ಅವರಿಗೆ ಹಾಳೆ ಗೊತ್ತಿತ್ತು. ‘ಇನ್ನೂ ನಿಮ್ಮಪ್ಪನ ಹೆಸರಲ್ಲೇ ಐತಲ್ಲಯ್ಯ, ಅವರು ಹೋಗಿ ಎಷ್ಟು ವರ್ಷ ಆಯ್ತು? ಪೌತಿ ಖಾತೆ ಮಾಡಿಸ್ಕಬಾರದಾ?’ ಎಂದರು. ಅಪ್ಪ ಕೈಕಟ್ಟಿ ನಿಂತು, ‘ತಾವೇ ಮಾಡ್ಕೊಡಬೇಕು ಸ್ವಾಮಿ’ ಎಂದರು. ಅಪ್ಪ ಯಾರ ಮುಂದೆಯೂ ಕೈಕಟ್ಟಿ ನಿಂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎಳನೀರು ಒಳಗೆ ಹೋದವು, ಬಂದ ಕೆಲಸ ಆಗಲಿಲ್ಲ, ಮುಂದಿನ ಸೋಮವಾರ ಬಾ ಎಂದಾಯಿತು. ಹಾಗೆ ಎಷ್ಟು ಸೋಮವಾರಗಳು ಹೋದವೋ ನಾನು ಎಣಿಸಲಿಲ್ಲ.

ಆ ಮನುಷ್ಯ ನಮಗೆ ಒಂದು ಮುಖ್ಯವಾದ ಮಾಹಿತಿಯನ್ನು ತಾನಾಗಿಯೇ ಹೇಳಿದ, ನಿಜ. ಇಂದಿನ ಯಾವ ಪರದೆಯೂ ‘ಪೌತಿ ಖಾತೆ ಮಾಡಿಸಿಕೊಳ್ಳಬಾರದೇ’ ಎಂದು ಕೇಳುವುದಿಲ್ಲ. ಆದರೆ ಅದೇ ಮನುಷ್ಯ ಇನ್ನೆಷ್ಟು ಮಾಹಿತಿಯನ್ನು ಹೇಳದೆ ಉಳಿಸಿಕೊಂಡಿರಬಹುದು, ಯಾರಿಗೆ ಯಾವುದನ್ನು ಹೇಳುತ್ತಿದ್ದ, ಯಾರನ್ನು ಜಗುಲಿಯ ಕೆಳಗೇ ನಿಲ್ಲಿಸುತ್ತಿದ್ದ ಎಂಬುದನ್ನು ಸೇರಿಸದೆ ಅವನನ್ನು ಹೊಗಳುವುದು ಸರಿಯಲ್ಲ. ತಿಳಿಸಿದ್ದೇವೆ ಎಂದು ತೋರಿಸಿಕೊಳ್ಳುವ ಕಲೆಯೂ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. 1964ರ ಭೂಕಂದಾಯ ಕಾನೂನಿನ 129ನೇ ಪ್ರಕರಣದ ಪ್ರಕಾರ, ಜಮೀನಿನ ಹಕ್ಕು ಬದಲಾವಣೆಯ ನಮೂದು ಬಂದಾಗ ಅದರ ಪ್ರತಿಯನ್ನು ಚಾವಡಿಯಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು, ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಬೇಕು. ಓದು ಬಾರದ ಊರಿನಲ್ಲಿ ಚಾವಡಿಯ ಗೋಡೆಗೆ ಅಂಟಿಸಿದ ಕಾಗದ ಯಾರಿಗೆ ಏನು ತಿಳಿಸುತ್ತಿತ್ತು? ಮೂವತ್ತು ದಿನ ಕಳೆದು, ತಕರಾರು ಬಂದಿಲ್ಲ ಎಂದು ಬರೆದುಕೊಂಡರೆ ಮುಗಿಯಿತು. ದಾಯಾದಿಗಳ ಹೆಸರಿಗೆ ಜಮೀನು ಹೋದದ್ದು ಅಕ್ಕತಂಗಿಯರಿಗೆ ಹತ್ತು ವರ್ಷ ಬಿಟ್ಟು ತಿಳಿದ ಕಥೆಗಳು ನಮ್ಮ ಕಡೆ ಪ್ರತಿ ಮನೆತನದಲ್ಲೂ ಇವೆ. ತಮಟೆ ಬಾರಿಸಿ ಸಾರುತ್ತಿದ್ದಾಗ ಮಾತ್ರ, ಊರಿನವರೆಲ್ಲ ಕೇಳಿಸಿಕೊಂಡರೆಂದು ಖಚಿತವಾಗಿ ಹೇಳಬಹುದಿತ್ತು. ಹೊಲಕ್ಕೆ ಹೋದವರನ್ನು ಬಿಟ್ಟು.

ಕೊಡುವ ಕಿಟಕಿ, ತಿದ್ದುವ ಕಿಟಕಿ

ಭೂಮಿ ಯೋಜನೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಚದುರಿಹೋಗಿದ್ದ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬಿ, 177 ಕೇಂದ್ರಗಳಲ್ಲಿ ಪಹಣಿ ಕೊಡಲು ಶುರುಮಾಡಿದ್ದರು. ಹದಿನೈದು ರೂಪಾಯಿ ಕೊಟ್ಟರೆ ನಿಮಿಷಗಳಲ್ಲಿ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಮೊದಲ ಬಾರಿ ತಾಲ್ಲೂಕು ಕಚೇರಿಯಿಂದ ಪಹಣಿ ತಂದ ದಿನ ಅಪ್ಪ ಅದನ್ನು ಮಡಿಸಲೇ ಇಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಬಿಡಿಸಿಟ್ಟುಕೊಂಡೇ ಬಂದಿದ್ದರು. ‘ಯಾರಿಗೂ ನಮಸ್ಕಾರ ಹಾಕ್ಲಿಲ್ಲ ಕಣೋ’ ಎಂದು ಮನೆಗೆ ಬಂದು ಹೇಳಿದ ಮಾತು ನನಗೆ ಇನ್ನೂ ಕೇಳಿಸುತ್ತದೆ. ಆ ಯೋಜನೆಯ ಬಗ್ಗೆ ಯಾರು ಏನೇ ಟೀಕೆ ಮಾಡಿದರೂ ಅದನ್ನು ಕೇಳುವ ಮುನ್ನ ನಾನು ಈ ವಾಕ್ಯವನ್ನು ಒಂದು ಸಲ ನೆನಪಿಸಿಕೊಳ್ಳುತ್ತೇನೆ.

ಅದನ್ನು ರೂಪಿಸಿದವರಿಗೆ ಕಚೇರಿಯ ಒಳಗಿನ ಕಳ್ಳದಾರಿಗಳು ಚೆನ್ನಾಗಿ ಗೊತ್ತಿದ್ದವು. ಪಾಸ್‌ವರ್ಡ್ ಆದರೆ ನನ್ನದನ್ನು ಬೇರೆ ಯಾರೋ ಬಳಸಿದರು ಎನ್ನಬಹುದು. ಅದಕ್ಕೇ ಅಧಿಕಾರಿ ಬೆರಳಚ್ಚು ಕೊಟ್ಟು ಒಳಗೆ ಹೋಗಬೇಕೆಂದು ಮಾಡಿದರು. ಮ್ಯುಟೇಷನ್, ಅಂದರೆ ಹಕ್ಕು ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದನ್ನು ಮೊದಲು ಎತ್ತಿಕೊಳ್ಳಲೇಬೇಕು, ಬೇಕಾದವರ ಕಡತವನ್ನು ಮೇಲೆ ತರುವಂತಿಲ್ಲ. ಆಮೇಲೆ ಬಂದ ಸಕಾಲ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2012ರಿಂದ ಅರ್ಜಿಗೆ ಒಂದು ಸಂಖ್ಯೆ, ಸೇವೆಗೆ ಇಂತಿಷ್ಟು ದಿನದ ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೇಳುವ ಹಕ್ಕು. ಸರ್ಕಾರವೊಂದು ತನ್ನ ವಿಳಂಬಕ್ಕೆ ತಾನೇ ದರ ನಿಗದಿಮಾಡಿದ್ದು ಸಣ್ಣ ಮಾತಲ್ಲ.

ಆದರೆ ಗಡುವಿನ ಗಡಿಯಾರ ನಿಲ್ಲುವುದು ಯಾವಾಗ ಎಂಬಲ್ಲಿಗೆ ನಾವು ಮತ್ತೆ ಅದೇ ಪದಕ್ಕೆ ಬರುತ್ತೇವೆ. ಮಂಜೂರಾದರೂ ವಿಲೇವಾರಿ, ತಿರಸ್ಕರಿಸಿದರೂ ವಿಲೇವಾರಿ. ಯಾವುದನ್ನು ಎಣಿಸುತ್ತೇವೋ ಅದೇ ಬೆಳೆಯುತ್ತದೆ ಎಂಬುದನ್ನು ಅಳತೆಯ ಕೆಲಸ ಮಾಡಿದವರಿಗೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಂಪನಿಯಲ್ಲಿ ಇದು ಇನ್ನೂ ನಗ್ನವಾಗಿ ನಡೆಯುತ್ತಿತ್ತು. ಗ್ರಾಹಕನ ದೂರಿಗೆ ನಮ್ಮವರು ಒಂದು ಪ್ರಶ್ನೆ ಕೇಳಿ ಕಳುಹಿಸುತ್ತಾರೆ. ನಲವತ್ತೆಂಟು ಗಂಟೆಯೊಳಗೆ ಅವನಿಂದ ಉತ್ತರ ಬರದಿದ್ದರೆ ದೂರು ತಾನಾಗಿಯೇ ಮುಚ್ಚಿಕೊಂಡು, ‘ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಹೋಗುತ್ತದೆ. ‘ಮುಚ್ಚಲಾಗಿದೆ’ ಎಂದಿರಲಿ ಎಂದು ತಂಡದಲ್ಲಿದ್ದ ಒಬ್ಬ ಹುಡುಗಿ ವಾದಿಸಿದಳು. ‘ಪರಿಹರಿಸಲಾಗಿದೆ’ ಎಂಬುದು ಹೆಚ್ಚು ಸೌಜನ್ಯದ ಮಾತೆಂದು ಹಿರಿಯರು ತೀರ್ಮಾನಿಸಿದರು. ನಾನೂ ತಲೆಯಾಡಿಸಿದೆ. ಆ ತಿಂಗಳ ವರದಿಯಲ್ಲಿ ನಮ್ಮ ಕಂಬ ಎಲ್ಲರಿಗಿಂತ ಹಸಿರಾಗಿತ್ತು. ಅಮ್ಮನ ಅರ್ಜಿಯ ದಿನ ಬಂದ ಸಂದೇಶಕ್ಕೆ ನಾನು ಮೋಸಹೋದೆನಲ್ಲ, ಅಂಥದೇ ಸಂದೇಶ ನನ್ನ ಕೈಯಿಂದ ಎಷ್ಟು ಜನರ ಅಮ್ಮಂದಿರಿಗೆ ಹೋಗಿದೆಯೋ.

ಮಾಹಿತಿಯನ್ನು ಕೊಡುವ ಕೆಲಸವನ್ನು ನಾವು ಪೂರ್ತಿಯಾಗಿ ಯಂತ್ರಕ್ಕೆ ವಹಿಸಿದೆವು, ತಿದ್ದುವ ಕೆಲಸವನ್ನು ಮಾತ್ರ ಇದ್ದಲ್ಲೇ ಬಿಟ್ಟೆವು ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ. ಪಹಣಿ ಈಗ ಮನೆಯಲ್ಲೇ ಕುಳಿತು ಫೋನಿನಲ್ಲಿ ನೋಡಬಹುದು. ಅದರ ಒಂಬತ್ತನೇ ಕಾಲಮ್ಮಿನಲ್ಲಿರುವ ಹೆಸರಿನ ಒಂದು ಅಕ್ಷರ ತಪ್ಪಾಗಿದ್ದರೆ ಮತ್ತೆ ಅರ್ಜಿ, ಅಫಿಡವಿಟ್ಟು, ವಂಶವೃಕ್ಷ, ಹಳೆಯ ಕೈಬರಹದ ಪ್ರತಿ ಮತ್ತು ಸೋಮವಾರಗಳು. ಮೊದಲು ಒಂದು ತಪ್ಪು ಒಂದು ಪುಸ್ತಕದಲ್ಲಿ ಇರುತ್ತಿತ್ತು. ಈಗ ಒಂದು ದಾಖಲೆ ಇನ್ನೊಂದಕ್ಕೆ, ಅದು ಬ್ಯಾಂಕಿಗೆ, ಬ್ಯಾಂಕು ಸಹಾಯಧನಕ್ಕೆ ಕೊಂಡಿ ಹಾಕಿಕೊಂಡಿರುವುದರಿಂದ, ಎಲ್ಲೋ ಇರುವ ತಪ್ಪು ಇನ್ನೆಲ್ಲೋ ಕೆಲಸ ನಿಲ್ಲಿಸುತ್ತದೆ.

ಸೊನ್ನೆ

ದಸರೆಗೆ ಊರಿಗೆ ಹೋದಾಗ ಅಮ್ಮನ ಹೆಸರಿನ ಗಂಟು ಬಿಡಿಸಿಯೇ ಬರಬೇಕೆಂದು ಹಟ ಹಿಡಿದೆ. ಅಮ್ಮನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಂಗಮ್ಮ ಎಂದಿಟ್ಟುಕೊಳ್ಳಿ, ಕರ್ನಾಟಕದಲ್ಲಿ ಪ್ರತಿ ಊರಿಗೂ ಒಬ್ಬರಾದರೂ ಇರುತ್ತಾರೆ. ಎರಡು ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಎರಡರಲ್ಲೂ ಗಂಗಮ್ಮ ಎಂದೇ ಇತ್ತು. ಭೂತಗನ್ನಡಿಯಿಂದ ನೋಡಿದರೂ ವ್ಯತ್ಯಾಸವಿಲ್ಲ. ರಾತ್ರಿ ಅಮ್ಮ ಮಲಗಿದ ಮೇಲೆ, ಹಜಾರದಲ್ಲಿ ಲ್ಯಾಪ್‌ಟಾಪ್ ತೆರೆದು, ಜಾಲತಾಣದಲ್ಲಿದ್ದ ಆ ಹೆಸರುಗಳನ್ನು ಹಾಗೆಯೇ ಎತ್ತಿಕೊಂಡು, ಯಂತ್ರ ಒಂದೊಂದು ಅಕ್ಷರವನ್ನು ಗುರುತಿಸುವ ಯೂನಿಕೋಡ್ ಸಂಖ್ಯೆಯನ್ನು ಪ್ರತ್ಯೇಕವಾಗಿ ಮುದ್ರಿಸುವಂತೆ ನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಹೊಸ ದಾಖಲೆಯಲ್ಲಿ ಗಂಗಮ್ಮ. ಹಳೆಯ ದಾಖಲೆಯಲ್ಲಿ ಗ೦ಗಮ್ಮ. ಕಂಡಿತೇ? ಕಾಣುವುದು ಕಷ್ಟ. ಮೊದಲನೆಯದರಲ್ಲಿ ‘ಗ’ದ ನಂತರ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಒಂದು, ಎರಡು, ಮೂರು ಎಂಬುದಕ್ಕೆ ಮೊದಲು ಬರುವ ಸೊನ್ನೆ. ಎಂದೋ ಯಾರೋ ಟೈಪ್ ಮಾಡುವಾಗಲೋ, ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವಾಗಲೋ ನುಸುಳಿದ್ದಿರಬೇಕು. ಹೆಸರಿನಲ್ಲಿ ಅಂಕಿ ಇರಬಾರದೆಂದು ತಪಾಸಣೆ ಮಾಡುವ ಎಷ್ಟೋ ತಂತ್ರಾಂಶಗಳೂ ನೋಡುವುದು ಇಂಗ್ಲಿಷ್ ಅಂಕಿಗಳನ್ನು ಮಾತ್ರ. ಕನ್ನಡದ ಸೊನ್ನೆ ಯಾರ ಕಣ್ಣಿಗೂ ಬೀಳದೆ ಒಳಗೆ ಕುಳಿತುಬಿಡುತ್ತದೆ.

ನನಗೆ ನಗು ಬಂತು. ಕನ್ನಡಿಗರಿಗೆ ಅನುಸ್ವಾರದ ಹೆಸರೇ ಸೊನ್ನೆಯಲ್ಲವೇ? ಒಂದನೇ ತರಗತಿಯಲ್ಲಿ ಮೇಷ್ಟ್ರು ನಮಗೆ ‘ಗ ಬರೆದು ಪಕ್ಕಕ್ಕೆ ಸೊನ್ನೆ ಹಾಕು’ ಎಂದೇ ಹೇಳಿಕೊಟ್ಟದ್ದು. ಆ ಮೂರು ಮೈಲಿ ಆಚೆಯ ಜಗುಲಿಯ ಮೇಲೆ ಸೀಸದ ಕಡ್ಡಿಯಿಂದ ಸುತ್ತುತ್ತಿದ್ದ ಉರುಟು ಗೆರೆ ಅಕ್ಷರವೂ ಹೌದು, ಅಂಕಿಯೂ ಹೌದು. ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಿದ್ದರು. ನಮ್ಮ ಭಾಷೆ ಇಷ್ಟು ಕಾಲ ಹೊಂದಿಸಿಕೊಂಡು ಬಂದದ್ದನ್ನು ಯಂತ್ರ ಎರಡು ಬೇರೆಬೇರೆ ಸಂಖ್ಯೆಗಳನ್ನಾಗಿ ಮಾಡಿ, ಗಂಗಮ್ಮ ಬೇರೆ, ಗ೦ಗಮ್ಮ ಬೇರೆ ಎಂದು ತೀರ್ಪು ಕೊಟ್ಟಿತ್ತು.

ಮರುದಿನ, ದೊಡ್ಡ ಸಂಶೋಧನೆ ಮಾಡಿದವನ ಗತ್ತಿನಲ್ಲಿ, ಅಮ್ಮನನ್ನು ಕರೆದುಕೊಂಡು ಹೋಬಳಿಯ ಬಸ್‌ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರಿಗೆ ಹೋದೆ. ಜೆರಾಕ್ಸ್ ಯಂತ್ರ, ಲ್ಯಾಮಿನೇಷನ್ ಯಂತ್ರ, ಬೆರಳಚ್ಚಿನ ಯಂತ್ರಗಳ ನಡುವೆ ಇಪ್ಪತ್ತೈದರ ಒಳಗಿನ ಒಬ್ಬ ಹುಡುಗಿ ಕುಳಿತಿದ್ದಳು. ಎದುರಿಗೆ ಆರೇಳು ಜನ, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರು. ನಮ್ಮ ಸರದಿ ಬಂದಾಗ ನಾನು ಅನುಸ್ವಾರ, ಯೂನಿಕೋಡ್ ಎಂದು ಆರಂಭಿಸಿದೆ. ಅವಳು ತಲೆಯೆತ್ತದೆ ಕೇಳಿದಳು:

‘ಸೊನ್ನೆ ಪ್ರಾಬ್ಲಮ್ಮಾ ಸರ್?’

ನಾನು ಸುಮ್ಮನಾದೆ. ಅವಳು ಕಂಪ್ಯೂಟರಿನಲ್ಲಿ ಒಂದು ನೋಟ್‌ಪ್ಯಾಡ್ ಕಡತ ತೆರೆದಳು. ಅದರಲ್ಲಿ ಉದ್ದಕ್ಕೂ ಹೆಸರುಗಳು: ನಂಜಮ್ಮ, ನಿಂಗಪ್ಪ, ಚಂದ್ರಮ್ಮ, ರಂಗಯ್ಯ, ಪ್ರತಿಯೊಂದೂ ಎರಡೆರಡು ಸಲ. ಒಂದು ಸರಿಯಾದದ್ದು, ಇನ್ನೊಂದು ಸೊನ್ನೆಯದು. ಹೆಸರಿನ ಪಕ್ಕದಲ್ಲಿ, ಯಾವ ಇಲಾಖೆಯ ಜಾಲತಾಣಕ್ಕೆ ಯಾವುದು ಬೇಕೆಂಬ ಗುರುತು. ಎರಡು ವರ್ಷಗಳಿಂದ, ಒಂದೊಂದೇ ತಿರಸ್ಕೃತ ಅರ್ಜಿಯಿಂದ ಕಲಿತು, ಅವಳೇ ಮಾಡಿಕೊಂಡ ಪಟ್ಟಿ ಅದು. ಯಾವ ಸುತ್ತೋಲೆಯಲ್ಲೂ ಇಲ್ಲದ, ಯಾವ ಸಂದೇಶದ ಅಚ್ಚಿನಲ್ಲೂ ಹಿಡಿಯದ ಮಾಹಿತಿ ಹೋಬಳಿ ಬಸ್‌ಸ್ಟ್ಯಾಂಡಿನ ಪಕ್ಕದ ಒಂದು ಕಂಪ್ಯೂಟರಿನಲ್ಲಿ ಜೋಪಾನವಾಗಿತ್ತು. ಒಂದು ಅರ್ಜಿಗೆ ಅವಳು ತೆಗೆದುಕೊಳ್ಳುವುದು ಐವತ್ತು ರೂಪಾಯಿ.

‘ಹಳೇದನ್ನ ತಿದ್ದಕ್ಕೆ ಹಾಕಿದ್ರೆ ರಿಜೆಕ್ಟೇ ಆಗೋದು ಸರ್. ಹೊಸದನ್ನೇ ಹಳೇದರ ಥರ ಮಾಡ್ಬಿಡೋಣ. ಆಮೇಲೆ ಎಲ್ಲಾ ಕಡೆ ಮ್ಯಾಚ್ ಆಗುತ್ತೆ.’

ಎಂದರೆ, ಸರಿಯಾಗಿದ್ದ ದಾಖಲೆಗೂ ಸೊನ್ನೆ ಹಾಕಿಸುವುದು. ನನ್ನ ವೃತ್ತಿಯ ಅಭಿಮಾನಕ್ಕೆ ಇದು ಒಪ್ಪಿಗೆಯಾಗಲಿಲ್ಲ. ತಪ್ಪನ್ನು ತಿದ್ದಬೇಕೇ ಹೊರತು ಸರಿಯನ್ನು ಕೆಡಿಸಬಾರದು, ನಾಳೆ ಯಾರಾದರೂ ಈ ದಾಖಲೆಗಳನ್ನೆಲ್ಲ ಸ್ವಚ್ಛಗೊಳಿಸಲು ಹೊರಟರೆ ಏನು ಗತಿ ಎಂದೆಲ್ಲ ಹೇಳಿದೆ. ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು ಅಮ್ಮನ ಕಡೆ ತಿರುಗಿ, ‘ಅಜ್ಜಿ, ನೀವೇನಂತೀರಿ?’ ಎಂದಳು. ಈ ಇಡೀ ಪ್ರಕರಣದಲ್ಲಿ ಯಾರಾದರೂ ಅಮ್ಮನನ್ನೇ ನೇರವಾಗಿ ಕೇಳಿದ್ದು ಅದೇ ಮೊದಲು.

‘ಸೊನ್ನೆ ತಾನೇ, ಇರ್ಲಿ ಬಿಡವ್ವ. ಅದೇನು ತಿನ್ನಕ್ಕೆ ಕೇಳ್ತದಾ’ ಎಂದಳು ಅಮ್ಮ.

ಹುಡುಗಿ ಪಟ್ಟಿಯಿಂದ ಸೊನ್ನೆಯ ಹೆಸರನ್ನು ಎತ್ತಿ ಫಾರಮ್ಮಿನಲ್ಲಿ ಅಂಟಿಸಿದಳು. ಬೆರಳಚ್ಚು ಮೂರು ಸಲ ಬರಲಿಲ್ಲ. ತೆಂಗಿನ ಮಟ್ಟೆ ಸೀಳಿ, ಕಳೆ ಕಿತ್ತು ಅಮ್ಮನ ಬೆರಳುಗಳಲ್ಲಿ ಗೆರೆಗಳು ಸವೆದಿವೆ. ನಾಲ್ಕನೆಯ ಸಲ ಹುಡುಗಿ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ತಾನೇ ಮೇಲಿನಿಂದ ಒತ್ತಿ ಹಿಡಿದಾಗ ಯಂತ್ರದಲ್ಲಿ ಹಸಿರು ದೀಪ ಹತ್ತಿತು. ಓಟಿಪಿ ನನ್ನ ಫೋನಿಗೆ ಬಂತು, ನಾನು ಅಂಕಿಗಳನ್ನು ಓದಿ ಹೇಳಿದೆ.

ಹನ್ನೊಂದು ದಿನಗಳ ನಂತರ ಬೆಂಗಳೂರಿನಲ್ಲಿ ಮೆಟ್ರೋ ಇಳಿಯುತ್ತಿರುವಾಗ ಸಂದೇಶ ಬಂದಿತು. ಅದೇ ಅಚ್ಚು, ಸಂಖ್ಯೆ ಮಾತ್ರ ಬೇರೆ: ವಿಲೇವಾರಿಯಾಗಿದೆ. ಮೆಟ್ಟಿಲ ಪಕ್ಕಕ್ಕೆ ಸರಿದು ನಿಂತು ಅಮ್ಮನಿಗೆ ಫೋನ್ ಮಾಡಿದೆ. ಮೆಸೇಜ್ ಬಂದಿದೆ ಎಂದೆ.

‘ಆಗದೆಯೋ, ಇಲ್ಲ ಹೋದ ಸಲದ ಥರ ಆಗದೆಯೋ?’

‘ಇರಮ್ಮ, ಒಳಗೆ ಹೋಗಿ ನೋಡಿ ಹೇಳ್ತೀನಿ’ ಎಂದು, ಕರೆ ಕಡಿಯದೆ, ಅದೇ ಫೋನಿನಲ್ಲಿ ಜಾಲತಾಣ ತೆರೆದೆ. ಅದು ಓಟಿಪಿ ಕೇಳಿತು. ಓಟಿಪಿ ಬರಲು ತಡವಾಯಿತು. ಪರದೆಯ ಮೇಲೆ ಮೂವತ್ತರಿಂದ ಕೆಳಗೆ ಅಂಕಿಗಳು ಇಳಿಯತೊಡಗಿದವು. ಆ ಕಡೆಯಿಂದ ಅಮ್ಮ, ಈ ಸಲ ಕಾಯಿ ಚಿಕ್ಕದಾಗಿವೆ, ಕೀಳುವವನು ಮರಕ್ಕೆ ಇಷ್ಟು ಕೊಡಿ ಅಂತಾನೆ, ನೀನಾದರೂ ಅವನ ಹತ್ತಿರ ಒಂದು ಮಾತು ಆಡು ಎಂದು ಹೇಳುತ್ತಲೇ ಇದ್ದಳು.